ಸೋದರಮಾವನ ಪ್ರಶ್ನೆ

ತರ್ಕದ ಪ್ರಶ್ನೆ ಬಿಡಿಸುವುದನ್ನು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಅದೂ ಇದೂ ಮಾತಾಡುತ್ತಾರೆ, ಕೊನೆಗೆ ಎಲ್ಲರೂ ಕೇಳುವುದು ಒಂದೇ ಮಾತು: ‘ನಿಮ್ಮ ಕೈಯಾಗ ಕಲ್ತವರು ಎಷ್ಟು ಮಂದಿ ವಕೀಲರಾದರ್ರಿ ಬಾಯಾರ?’ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ನಮ್ಮ ಕಡೆ ಹಾಗೆ, ಬಾಯಿ, ಬಾಯಾರು ಎಂದು. ನಾನು ಲೆಕ್ಕ ಇಟ್ಟಿಲ್ಲ. ಬಹಳ ಮಂದಿ ಆದರು. ಸೊಲ್ಲಾಪುರದ ಕೋರ್ಟಿನ ಮುಂದೆ ಹಾದುಹೋಗುವಾಗ ಯಾರೋ ಕರಿ ಕೋಟಿನವರು ನಿಂತು ನಮಸ್ಕಾರ ಮಾಡುತ್ತಾರೆ. ಹೆಸರು ನೆನಪಾಗುವುದಿಲ್ಲ, ಸುಮ್ಮನೆ ನಕ್ಕು ಮುಂದೆ ಹೋಗುತ್ತೇನೆ. ನೆನಪಿನಲ್ಲಿ ಗಟ್ಟಿಯಾಗಿ ಕೂತವಳು ಒಬ್ಬಳೇ, ಅವಳು ವಕೀಲಳಾಗಲಿಲ್ಲ. ಅವಳ ಮಾತು ಹೇಳದೆ ಈ ಕೆಲಸದ ಬಗ್ಗೆ ಏನು ಹೇಳಿದರೂ ಉಪ್ಪಿಲ್ಲದ ಅಡಿಗೆಯಾಗುತ್ತದೆ. ಆದರೆ ಮೊದಲು ಕೆಲಸ ಹೇಗಿತ್ತು ಎನ್ನುವುದನ್ನು ಹೇಳಬೇಕು.

ಎಪ್ಪತ್ತರ ದಶಕದ ಆರಂಭದಲ್ಲಿ ನನ್ನ ಮಾವನವರಿಗೆ ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಒಂದು ಉದ್ದನೆಯ ಕೋಣೆ. ಆ ಕೋಣೆಯನ್ನು ಬಾಡಿಗೆಗೆ ಹಿಡಿದವರು ದಾಮುಅಣ್ಣಾ ಸರ್, ನಿವೃತ್ತ ಹೆಡ್‌ಮಾಸ್ತರರು. ಆ ವರ್ಷಗಳಲ್ಲಿ ದೂರದ ಒಂದು ಲಾ ಕಾಲೇಜು ತನ್ನಲ್ಲಿ ಸೇರಬೇಕೆನ್ನುವವರಿಗೆ ತನ್ನದೇ ಪ್ರವೇಶ ಪರೀಕ್ಷೆ ಇಡುತ್ತಿತ್ತು. ಕಾಲೇಜಿನ ಹೆಸರು ಬೇಡ. ಅದರಲ್ಲಿ ಭಾಷೆ, ಸಾಮಾನ್ಯ ಜ್ಞಾನಕ್ಕಿಂತ ಹೆಚ್ಚಾಗಿ ಹುಡುಗರ ಜೀವ ತಿನ್ನುತ್ತಿದ್ದದ್ದು ತರ್ಕದ ಪ್ರಶ್ನೆಗಳು. ಇದು ನಿಜವಾದರೆ ಅದು ನಿಜವೇ, ಯಾರು ಯಾರ ಪಕ್ಕ ಕೂತಿದ್ದಾರೆ, ಇವನಿಗೆ ಅವಳು ಏನಾಗಬೇಕು, ಇಂಥವು. ದಾಮುಅಣ್ಣಾ ಅದಕ್ಕೆಂದೇ ಕ್ಲಾಸು ತೆರೆದಿದ್ದರು. ಆದರೆ ಅಕ್ಕಲಕೋಟದ ಕಡೆಯಿಂದ ಬರುವ ಹುಡುಗರಿಗೆ ಮರಾಠಿ ಪ್ರಶ್ನೆ ಕಿವಿಗೆ ಇಳಿದರೂ ತಲೆಗೆ ಇಳಿಯುತ್ತಿರಲಿಲ್ಲ. ದಾಮುಅಣ್ಣಾ ಅವರದು ಮಾತಾಡುವಷ್ಟು ಕನ್ನಡ, ಪಾಠಕ್ಕೆ ಸಾಲದು. ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕಾಗಿತ್ತು.

ಮನೆಯ ಸೊಸೆ ಬಿ.ಎ.ಗೆ ತರ್ಕಶಾಸ್ತ್ರ ಓದಿದ್ದಾಳೆಂದು ಅವರಿಗೆ ಹೇಗೋ ತಿಳಿಯಿತು. ಒಂದು ದಿನ ಅಂಗಡಿಗೆ ಬಂದು ಗಾದಿಯ ಮೇಲೆ ಕೂತು ನನ್ನ ಮಾವನವರನ್ನು ಕೇಳಿದರು.

ಮಾವನವರು ಬಹಳ ಹೊತ್ತು ಯೋಚಿಸಿ, ‘ತರ್ಕ ಅಂದ್ರ ಏನ್ರಿ ಅದು? ಅದರಾಗ ಏನ್ ಮಾರ್ತಾರ?’ ಎಂದರು.

‘ಯುಕ್ತಿ ಮಾರ್ತಾರ, ಶೇಠಜಿ,’ ಎಂದರು ದಾಮುಅಣ್ಣಾ.

‘ಯುಕ್ತಿ ಮಾರೂದು ಚಲೋ ಧಂಧಾ. ಮಾಲು ಖರ್ಚಾಗೂದಿಲ್ಲ,’ ಎಂದು ಮಾವನವರು ನಕ್ಕರು. ಒಳಗಿನ ಮೆಟ್ಟಿಲಿಂದಲೇ ಮೇಲೆ ಹೋಗಬಹುದು, ಬೀದಿಗೆ ಕಾಲಿಡಬೇಕಿಲ್ಲ ಎಂಬುದು ಗೊತ್ತಾದ ಮೇಲೆ ಅತ್ತೆಯವರೂ ಹೂಂ ಅಂದರು. ಹೀಗೆ ನನ್ನ ನೌಕರಿ ನಮ್ಮದೇ ಮಹಡಿಯ ಮೇಲೆ ಶುರುವಾಯಿತು. ಕೆಳಗೆ ಚಾದರ ಬಿಚ್ಚಿ ತೋರಿಸುವ ಸದ್ದು, ಮೇಲೆ ನಮ್ಮ ವಾದ.

ದಾಮುಅಣ್ಣಾ ಸರ್ ಕಡಕ್ ಮನುಷ್ಯ. ಪುಣೆಗೆ ಹೋಗಿ ಹಳೆಯ ಪ್ರಶ್ನೆಗಳನ್ನು ಎಲ್ಲೆಲ್ಲಿಂದಲೋ ಕೂಡಿಸಿಕೊಂಡು ತರುತ್ತಿದ್ದರು. ನಾನು ಮೇಣದ ಹಾಳೆಯ ಮೇಲೆ ಕಬ್ಬಿಣದ ಲೇಖನಿಯಿಂದ ಕೊರೆದು ಬರೆಯುತ್ತಿದ್ದೆ, ಅವರು ಸೈಕ್ಲೋಸ್ಟೈಲ್ ಯಂತ್ರದ ಮೇಲೆ ಹಾಕಿ ಒಂದೊಂದೇ ಪ್ರತಿ ತೆಗೆಯುತ್ತಿದ್ದರು. ಅವರ ಧೋತರದ ಅಂಚಿನಲ್ಲಿ ಯಾವಾಗಲೂ ಮಸಿ. ಕ್ಲಾಸಿನಲ್ಲಿ ಅವರ ಸೂತ್ರ ಒಂದೇ, ಅದನ್ನು ದಿನಾ ಮರಾಠಿಯಲ್ಲಿ ಹೇಳುತ್ತಿದ್ದರು: ‘ಆಹೆ ತೇ ಆಹೆ, ನಾಹೀ ತೇ ನಾಹೀ.’ ಪ್ರಶ್ನೆಯಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ನಿಮ್ಮ ಮನೆಯ ಸುದ್ದಿ, ನಿಮ್ಮ ಊರಿನ ಸುದ್ದಿ ಅದರೊಳಗೆ ತುರುಕಬೇಡಿ ಎಂದು ಅದರ ಅರ್ಥ. ಇನ್ನೊಂದು ಪದ್ಧತಿಯೂ ಇತ್ತು. ಉತ್ತರಕ್ಕೆ ಬರಿ ಗುರುತು ಹಾಕಿದರೆ ಸಾಲದು, ಎದ್ದು ನಿಂತು ‘ಯಾಕೆ?’ ಎನ್ನುವುದನ್ನು ಹೇಳಬೇಕು. ಸರಿ ಉತ್ತರ ಬರೆದು ಯಾಕೆ ಎಂದು ಹೇಳಲಾರದವನನ್ನು ಅವರು ತಪ್ಪು ಬರೆದವನಿಗಿಂತ ಹೆಚ್ಚು ಬೈಯುತ್ತಿದ್ದರು.

ಈ ಸೂತ್ರ ಕೇಳಲು ಸುಲಭ, ನಮ್ಮ ಜನಕ್ಕೆ ನುಂಗಲು ಕಷ್ಟ. ಒಮ್ಮೆ ಸಾಲಾಗಿ ಊಟಕ್ಕೆ ಕೂತವರ ಪ್ರಶ್ನೆ ಕೊಟ್ಟಿದ್ದೆ. ಅತ್ತೆಯ ಎಡಕ್ಕೆ ಸೊಸೆ, ಅಳಿಯ ಬಾಗಿಲಿನ ಹತ್ತಿರ, ಹಾಗಾದರೆ ನಡುವೆ ಯಾರು? ಬಟ್ಟೆ ವ್ಯಾಪಾರಿಯ ಮಗನೊಬ್ಬ ಮೊದಲು ಅಳಿಯನನ್ನು ಎಬ್ಬಿಸಿ ಮೇಲಿನ ತುದಿಗೆ ಕೂರಿಸಿದ. ಯಾಕೆಂದು ಕೇಳಿದರೆ, ‘ಅಳಿಯನ್ನ ಬಾಗಲಾ ಸನ್ಯಾಕ ಕೂಡಸ್ತಾರೇನ್ರಿ? ಬೀಗರು ಎದ್ದು ಹೋಗ್ತಾರ್ರಿ,’ ಎಂದ. ಮಂದ್ರೂಪದ ಇನ್ನೊಬ್ಬ ಹುಡುಗನಿಗೆ ದಿಕ್ಕಿನ ಪ್ರಶ್ನೆ. ಒಬ್ಬ ಮನುಷ್ಯ ಉತ್ತರಕ್ಕೆ ಹೋಗಿ, ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿದ, ಈಗ ಅವನ ಮುಖ ಎತ್ತ? ಹುಡುಗ ಬಹಳ ಹೊತ್ತು ತಲೆ ಕೆರೆದುಕೊಂಡು, ‘ಇಷ್ಟು ತಿರಗೂ ಬದಲಿ ಅಂವ ಯಾರನ್ನರ ಹಾದಿ ಕೇಳಬಾರದೇನ್ರಿ?’ ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ದಾಮುಅಣ್ಣಾ ಕೂಡ ಮೂಗಿನ ಮೇಲೆ ಬೆರಳಿಟ್ಟು ಕಿಟಕಿಯ ಕಡೆ ತಿರುಗಿ ನಕ್ಕಿದ್ದರು.

ಮಾಳವ್ವ ಬಂದದ್ದು ಆ ದಿನಗಳಲ್ಲೇ. ಹನ್ನೂರಿನ ಕುರಿ ಸಾಕುವ ಮನೆತನದ ಹುಡುಗಿ, ಸೊಲ್ಲಾಪುರದಲ್ಲಿ ಬಿ.ಎ. ಮುಗಿಸಿದ್ದಳು. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು. ನಾನು ಹಲಗೆಯ ಮೇಲೆ ನನ್ನ ಸ್ವಂತ ಬುದ್ಧಿಯಿಂದ ಒಂದು ಪ್ರಶ್ನೆ ಬರೆದೆ: ಎಲ್ಲ ಕುರಿಗಳೂ ಬಿಳಿ. ಹಟ್ಟಿಯಲ್ಲಿ ಇರುವುದು ಕುರಿ. ಆದ್ದರಿಂದ?

ಅವಳು ಎದ್ದು ನಿಂತಳು.

‘ಆದ್ದರಿಂದ, ಇದನ್ನ ಬರದವರು ಹಟ್ಟ್ಯಾಗಿನ ಕುರಿ ನೋಡಿಲ್ರಿ.’

ಕೋಣೆ ಗೊಳ್ಳೆಂದಿತು. ನಮ್ಮ ಕಡೆಯ ಕುರಿಗಳು ಬಹುತೇಕ ಕರಿ ಎಂಬುದು ಚಾದರದಂಗಡಿಯ ಸೊಸೆಯಾದ ನನಗೆ ಹೊಳೆದಿರಲೇ ಇಲ್ಲ. ನಾನೂ ಬಿಡಲಿಲ್ಲ. ‘ಖರೆ ಅದ ಮಾಳವ್ವ. ಆದ್ರ ಈಗ ಹಂಗಂತ ಇಟ್ಕೊ. ಜಗತ್ತಿನಾಗ ಎಲ್ಲಾ ಕುರಿ ಬಿಳಿ ಅಂತ ಇಟ್ಕೊಂಡ್ರ, ಹಟ್ಟ್ಯಾಗಿನ ಕುರಿ ಎಂಥಾದು?’ ಎಂದೆ.

‘ಇಟ್ಕೊಳ್ಳೂದs ಆದ್ರ, ಬಿಳೀದs ಆಗ್ತದ್ರಿ,’ ಎಂದು ನಕ್ಕಳು.

‘ಹಂಗಂತ ಇಟ್ಕೊ’ ಎಂಬ ಮಾತು ಅಂದಿನಿಂದ ನಮ್ಮ ಕ್ಲಾಸಿನ ಮಾತಾಯಿತು. ಅವಳಂತೂ ಅದನ್ನು ಒಮ್ಮೆ ಹಿಡಿದ ಮೇಲೆ ಹಿಂದೆ ನೋಡಲಿಲ್ಲ. ‘ಯಾಕೆ?’ ಎಂದು ಹೇಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ದಾಮುಅಣ್ಣಾ ಬೇಕೆಂದೇ ಅಡ್ಡ ಪ್ರಶ್ನೆ ಹಾಕುತ್ತಿದ್ದರು, ಅವಳು ಒಂದೊಂದಾಗಿ ಕಿತ್ತು ಹಾಕುತ್ತಿದ್ದಳು. ‘ಬಾಯಿ, ಈ ಪೋರಿ ಕೋರ್ಟಿನಾಗ ನಿಂತ್ರ ಎದುರಿನ ವಕೀಲ ನೀರು ಕೇಳ್ತಾನ,’ ಎಂದು ನನ್ನ ಹತ್ತಿರ ಹೇಳಿದ್ದರು. ಬೇರೆ ಯಾರ ಬಗ್ಗೆಯೂ ಅವರು ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಅವಳಿಗೆ ಲಗ್ನವಾಗಿತ್ತು, ತೊಡೆ ಏರುವ ವಯಸ್ಸಿನ ಮಗಳಿದ್ದಳು. ಗಂಡ ಬೀರಣ್ಣ ಎಸ್ಟಿ, ಅಂದರೆ ಸರ್ಕಾರಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಇಲ್ಲದ ದಿನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಅಂಗಡಿಯ ಕಟ್ಟೆಗೆ ಬಂದು ಹೆಂಡತಿಗಾಗಿ ಕಾಯುತ್ತಿದ್ದ. ಬೀರಣ್ಣ ಅವಳ ತಾಯಿಯ ಸ್ವಂತ ತಮ್ಮ. ಅಂದರೆ ಮಾಳವ್ವ ಸೋದರಮಾವನನ್ನೇ ಮದುವೆಯಾಗಿದ್ದಳು. ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ಕಳ್ಳುಬಳ್ಳಿ, ಅಂದರೆ ರಕ್ತಸಂಬಂಧ, ಹರಿಯಬಾರದೆಂದು ಅಕ್ಕನ ಮಗಳನ್ನು ತಂದುಕೊಳ್ಳುವುದು ಕುರುಬರಲ್ಲಿ, ವ್ಯಾಪಾರಸ್ಥರಲ್ಲಿ, ಎಲ್ಲರಲ್ಲೂ ಇದೆ. ನನ್ನ ಅಜ್ಜಿಯೇ ತನ್ನ ಸೋದರಮಾವನ ಹೆಂಡತಿ. ‘ಅಕ್ಕನ ಮಗಳು ವಕೀಲ ಆದ್ರ ನಮ್ಮ ಅಕ್ಕಗೂ ಮಾನ, ನನಗೂ ಮಾನ. ಎರಡೂ ಒಂದs ಮನಿಗೆ ಬರ್ತಾವ್ರಿ,’ ಎನ್ನುತ್ತಿದ್ದ ಬೀರಣ್ಣ.

ಒಂದು ಸಲ ದಾಮುಅಣ್ಣಾ ತಂದ ಹಾಳೆಗಳಲ್ಲಿ ಈ ಪ್ರಶ್ನೆ ಇತ್ತು: ರಮೇಶ ಸುನೀತಾಳ ತಾಯಿಯ ತಮ್ಮ. ಆಶಾ ಸುನೀತಾಳ ಮಗಳು. ಕೆಳಗಿನವುಗಳಲ್ಲಿ ಯಾವುದು ಎಂದಿಗೂ ಸಾಧ್ಯವಿಲ್ಲ? ಒಂದು, ರಮೇಶ ಸುನೀತಾಳಿಗಿಂತ ಚಿಕ್ಕವನು. ಎರಡು, ರಮೇಶನಿಗೆ ಅಣ್ಣನಿದ್ದಾನೆ. ಮೂರು, ರಮೇಶ ಆಶಾಳ ತಂದೆ. ನಾಲ್ಕು, ಸುನೀತಾ ರಮೇಶನ ಮನೆಯಲ್ಲೇ ಇರುತ್ತಾಳೆ. ಹಿಂದಿನ ಪುಟದಲ್ಲಿ ಉತ್ತರ ಕೊಟ್ಟಿತ್ತು: ಮೂರು.

ಮಾಳವ್ವ ಹಾಳೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ‘ಬಾಯಾರ, ಇದರಾಗ ಆಗಲಾರದ್ದು ಯಾವುದೂ ಇಲ್ರಿ. ಮೂರನೇದು ಕೆಳಗ ಕಟ್ಟಿ ಮ್ಯಾಲ ಕೂತಾನ ನೋಡ್ರಿ.’

ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಬೀರಣ್ಣ ಮಗಳಿಗೆ ಶೇಂಗಾ ಸುಲಿದು ತಿನ್ನಿಸುತ್ತಿದ್ದ. ನನಗೂ ನಗು ತಡೆಯಲಿಲ್ಲ. ‘ಪ್ರಶ್ನೆ ಬರದವರಿಗೆ ನಮ್ಮ ಕಡೆ ಪದ್ಧತಿ ಗೊತ್ತಿಲ್ಲ ಮಾಳವ್ವ. ಹಂಗಂತ ಇಟ್ಕೊಂಡು ಮೂರು ಹಾಕು,’ ಎಂದೆ. ಅವಳು ಮೂರು ಹಾಕಿದಳು. ‘ಮನಿಗೆ ಹೋಗಿ ಹೇಳ್ತೀನ್ರಿ, ಮಾವ, ನೀ ಆಗೂ ಹಂಗs ಇಲ್ಲಂತ,’ ಎಂದು ಮತ್ತೂ ನಕ್ಕಳು. ಅಂದು ಅದು ನಗುವ ಮಾತಾಗಿತ್ತು.

ಆ ಮಾತು ನಗುವಂಥದ್ದಾಗಿ ಉಳಿಯಲಿಲ್ಲ. ಮಾಳವ್ವನ ದೊಡ್ಡಪ್ಪನ ಮಗಳು ಸಿದ್ದವ್ವ. ತಡವಳದಲ್ಲಿ ಅವಳ ಮನೆ. ಅವಳೂ ತನ್ನ ಸೋದರಮಾವನನ್ನೇ ಮದುವೆಯಾಗಿದ್ದಳು. ಮಕ್ಕಳಿರಲಿಲ್ಲ, ತಾಯಿ ಮೊದಲೇ ತೀರಿಕೊಂಡಿದ್ದಳು. ಗಂಡನೂ ಸತ್ತಮೇಲೆ ಅವನ ಮಲತಮ್ಮ, ಅಂದರೆ ಅವನ ತಂದೆಯ ಎರಡನೇ ಹೆಂಡತಿಯ ಮಗ, ಹೊಲಕ್ಕೆ ಬಂದು ಬೇಲಿ ಹಾಕಿದ. ಅಕ್ಕಲಕೋಟದ ಕೋರ್ಟಿನಲ್ಲಿ ಅವನ ವಕೀಲ ಹಾಕಿದ ವಾದ ಹೀಗಿತ್ತು: ಅಕ್ಕನ ಮಗಳು ಎಂದರೆ ಕಾಯ್ದೆಯ ಪ್ರಕಾರ ಲಗ್ನಕ್ಕೆ ನಿಷಿದ್ಧ. ಆದ್ದರಿಂದ ಸಿದ್ದವ್ವ ಹೆಂಡತಿಯೇ ಅಲ್ಲ. ಹೆಂಡತಿ ಅಲ್ಲದವಳಿಗೆ ಹೊಲ ಎಲ್ಲಿಯದು? ಕಾಯ್ದೆಯಲ್ಲೇ ಮುಂದೆ, ರೂಢಿ ಇದ್ದರೆ ಇಂಥ ಲಗ್ನ ನಡೆಯುತ್ತದೆ ಎಂದೂ ಇದೆ. ಆದರೆ ರೂಢಿ ಇದೆಯೆಂದು ಸಾಕ್ಷಿ ನುಡಿದು ತೋರಿಸಬೇಕು. ಮಲತಮ್ಮ ಊರಿನಲ್ಲಿ ಜೋರಿನ ಮನುಷ್ಯ. ಹಿರಿಯರೆಲ್ಲ ನೆಲ ನೋಡಿದರು.

ಕುಲದೇವರಾದ ಬೀರೋಬಾನ ಗುಡಿಯಲ್ಲಿ ಮನೆತನದವರು ಕೂಡಿದಾಗ ಸಿದ್ದವ್ವ ಎಲ್ಲರ ಮುಂದೆ ಸೆರಗೊಡ್ಡಿ ನಿಂತಳಂತೆ. ಯಾರೂ ಮುಂದೆ ಬರಲಿಲ್ಲ. ಆಗ ಮಾಳವ್ವ ಹೋಗಿ ದೇವರ ಅರಿಶಿನಪುಡಿಯನ್ನು, ಅವರು ಅದನ್ನು ಭಂಡಾರ ಎನ್ನುತ್ತಾರೆ, ಕೈಯಲ್ಲಿ ಹಿಡಿದಳು. ‘ನಮ್ಮೊಳಗ ಇದು ಲಗ್ನನs. ಎಲ್ಲಿ ಯಾರು ಕೇಳಿದರೂ ಇದನ್ನs ಹೇಳ್ತೀನಿ,’ ಎಂದಳು. ಭಂಡಾರ ಹಿಡಿದು ಆಡಿದ ಮಾತನ್ನು ಆ ಜನ ತಿರುಗಿಸುವುದಿಲ್ಲ. ಇದನ್ನು ಅವಳೇ ನನಗೆ ಹೇಳಿದಳು. ಅವಳು ಸಾಕ್ಷಿ ಹೇಳಲಿ, ಒಳ್ಳೆಯದೇ ಆಯಿತು ಎಂದು ನಾನು ಬೆನ್ನು ತಟ್ಟಿದೆ. ಅದು ನಮ್ಮ ಪರೀಕ್ಷೆಯವರೆಗೆ ಬರುತ್ತದೆಂದು ನನ್ನ ತಲೆಗೆ ಹೋಗಲಿಲ್ಲ.

ಪರೀಕ್ಷೆ ಬರೆದು ರೈಲಿನಲ್ಲಿ ತಿರುಗಿ ಬಂದವಳು ಸೀದಾ ಕ್ಲಾಸಿಗೆ ಬಂದಳು. ಉಳಿದ ಹುಡುಗರು ಉಬ್ಬಿ ಮಾತಾಡುತ್ತಿದ್ದರು. ಅವಳು ನನ್ನನ್ನು ಮೆಟ್ಟಿಲ ಕಡೆ ಕರೆದಳು.

‘ಬಾಯಾರ, ಸೋದರಮಾವನ ಪ್ರಶ್ನಾ ಬಂದಿತ್ರಿ. ಹೆಸರು ಬ್ಯಾರೆ, ಪ್ರಶ್ನಾ ಅದs.’

‘ಚಲೋನs ಆತಲ್ಲ! ಮೂರು ಹಾಕಿದಿ?’

‘ಇಲ್ರಿ. ನಾಲ್ಕೂ ಆಗಬಹುದು ಅಂತ ಬರದೀನ್ರಿ.’

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆ ಅದು. ‘ಹುಚ್ಚಿ ಏನು ನೀ? ಕಲತದ್ದೆಲ್ಲಾ ಎಲ್ಲಿಟ್ಟಿದ್ದಿ? ಎಲ್ಲಾ ಕುರಿ ಬಿಳಿ ಅಂತ ಇಟ್ಕೊಂಡಾಕಿ, ಇದೊಂದು ಇಟ್ಕೊಳ್ಳಾಕ ಆಗಲಿಲ್ಲೇನು?’

‘ಕುರಿ ಮ್ಯಾಲ ನಾ ಭಂಡಾರ ಮುಟ್ಟಿಲ್ರಿ,’ ಎಂದಳು.

‘ಅದು ಕೋರ್ಟಿನ ಮಾತು. ಇದು ಪರೀಕ್ಷಾ. ಯಾರ್ ನೋಡ್ತಿದ್ರು?’

ಅವಳು ನನ್ನ ಮುಖವನ್ನೇ ನೋಡಿದಳು. ಕ್ಲಾಸಿನಲ್ಲಿ ‘ಯಾಕೆ?’ ಎಂದು ಕೇಳಿದಾಗ ಎದ್ದು ನಿಲ್ಲುವ ಹಾಗೆಯೇ ನೆಟ್ಟಗೆ ನಿಂತಿದ್ದಳು. ‘ಎಲ್ಲಿ ಕೇಳಿದರೂ ಹೇಳ್ತೀನಿ ಅಂದೀನ್ರಿ. ಪರೀಕ್ಷಾದಾಗ ಕೇಳಿದ್ರು. ಹಂಗಾದ್ರ ಅಲ್ಲೂ ಹೇಳಬೇಕಾತ್ರಿ. ಇದರಾಗ ಎಲ್ಲಿ ಚೂಕಾಗೇದ, ನೀವs ತೋರಸ್ರಿ.’

ತರ್ಕ ಕಲಿಸಿದವಳು ನಾನು. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾ ಕೆಳಗೆ ನೋಡಿದೆ. ಕೆಳಗಿನ ಕಟ್ಟೆಯಲ್ಲಿ ಬೀರಣ್ಣ ಮಗಳನ್ನು ಆಡಿಸುತ್ತಾ, ಪರೀಕ್ಷೆ ಹೇಗಾಯಿತೆಂದು ಯಾರಾದರೂ ಹೇಳುತ್ತಾರೇನೋ ಎಂದು ಮೇಲೆ ಮೇಲೆ ನೋಡುತ್ತಿದ್ದ.

ಫಲಿತಾಂಶ ಬಂತು. ನಮ್ಮ ಕ್ಲಾಸಿನ ಮೂರು ಹುಡುಗರ ಹೆಸರು ಇದ್ದವು. ಅಳಿಯನನ್ನು ಎಬ್ಬಿಸಿ ಕೂರಿಸಿದವನದೂ ಇತ್ತು. ಮಾಳವ್ವನ ಹೆಸರು ಗೆರೆಯ ಕೆಳಗೆ ನಿಂತಿತ್ತು. ಆ ಒಂದು ಪ್ರಶ್ನೆಯ ಅಂಕ ಬಂದಿದ್ದರೆ ಅವಳು ಗೆರೆಯ ಮೇಲಿರುತ್ತಿದ್ದಳು.

ಇಲ್ಲಿ ದಾಮುಅಣ್ಣಾ ಸರ್ ಬಗ್ಗೆ ಹೇಳಲೇಬೇಕು. ನಡೆದದ್ದನ್ನು ನಾನು ಅವರಿಗೆ ಹೇಳಿದೆ. ಅವರ ಜನರಲ್ಲಿ ಈ ರೂಢಿ ಇಲ್ಲ. ‘ಖರೇನs ನಿಮ್ಮೊಳಗ ಅಕ್ಕನ ಮಗಳನ್ನ ತರ್ತಾರೇನ್ರಿ ಬಾಯಿ?’ ಎಂದು ಕೇಳಿದರು. ನನ್ನ ಅಜ್ಜಿಯ ಮಾತು ಹೇಳಿದೆ. ಮರುದಿನ ಕೋಟು ಹಾಕಿಕೊಂಡು ರೈಲು ಹತ್ತಿದರು. ಆ ಕಾಲೇಜಿನಲ್ಲಿ ಇಡೀ ದಿನ ಬೆಂಚಿನ ಮೇಲೆ ಕೂತು ಕಾದು, ಕೊನೆಗೆ ಪರೀಕ್ಷೆಯ ಕೆಲಸ ನೋಡುವ ಒಬ್ಬರನ್ನು ಕಂಡರಂತೆ. ಅವರು, ‘ಇದು ಕಾಯ್ದೆ ಕಲಿಸುವ ಕಾಲೇಜು. ಕಾಯ್ದೆಯಲ್ಲಿ ನಿಷಿದ್ಧ ಎಂದಿದೆ,’ ಎಂದರಂತೆ. ಇವರು ‘ಅದರ ಮುಂದಿನ ಸಾಲು ಓದಿ’ ಎಂದರಂತೆ. ಅವರು ಓದಿದರು, ತಲೆ ಆಡಿಸಿದರು, ಆದರೆ ಒಮ್ಮೆ ತಿದ್ದಿದ ಪತ್ರಿಕೆ ಮತ್ತೆ ತೆಗೆಯುವುದಿಲ್ಲ ಎಂದು ಕಳಿಸಿಬಿಟ್ಟರು.

ತಿರುಗಿ ಬಂದ ದಾಮುಅಣ್ಣಾ ನಮ್ಮ ಹಾಳೆಗಳ ಕಟ್ಟು ತೆಗೆದು, ಒಂದೊಂದರಲ್ಲೂ ಆ ಪ್ರಶ್ನೆಯ ಮೇಲೆ ಅಡ್ಡ ಗೆರೆ ಎಳೆದರು. ‘ಬಾಯಿ, ನಾಹೀ ತೇ ನಾಹೀ ಅಂತ ಇಷ್ಟ್ ವರ್ಷ ಒದರಿದೆ. ನನಗ ಗೊತ್ತಿಲ್ಲಂದ್ರ ಜಗತ್ತಿನಾಗ ಇಲ್ಲ ಅಂತ ಆಗೂದಿಲ್ಲ ನೋಡ್ರಿ,’ ಎಂದರು. ಆಮೇಲೆ ಅವರ ಬಾಯಿಂದ ಆ ಸೂತ್ರ ನಾನು ಕೇಳಲಿಲ್ಲ.

ಅಕ್ಕಲಕೋಟದಲ್ಲಿ ಸಾಕ್ಷಿಯ ದಿನ ನಾನೂ ಹೋದೆ. ಅಲ್ಲಿನ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಹೋಗುತ್ತೇನೆ ಎಂದರೆ ನಮ್ಮ ಮನೆಯಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ದರ್ಶನವನ್ನೂ ಮಾಡಿದೆ, ಸುಳ್ಳು ಹೇಳಿದ ಹಾಗಾಗಬಾರದಲ್ಲ. ಬೀರಣ್ಣನ ಬಸ್ಸಿನಲ್ಲೇ ಹೋಗಿದ್ದೆ, ಅವನು ಮುಂದಿನ ಸೀಟು ಹಿಡಿದಿಟ್ಟಿದ್ದ.

ಮಾಳವ್ವ ಕಟಕಟೆಯಲ್ಲಿ ನಿಂತಳು. ಎದುರಿನ ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡಿ ಕೊರಳು ಕೊಯ್ಯುವವರು.

‘ಸೋದರಮಾವ ಅಂದ್ರ ತಂದಿ ಸಮಾನ ಹೌದೋ ಅಲ್ಲೋ, ಬಾಯಿ?’

‘ಹೌದ್ರಿ.’

‘ತಂದಿ ಸಮಾನ ಅಂದಮ್ಯಾಲ ಲಗ್ನ ಹೆಂಗ?’

‘ಸಮಾನ ಅಂದ್ರ ತಂದಿ ಅಲ್ಲಂತನs ಅರ್ಥ ಆತಲ್ರಿ ಸಾಹೇಬ್ರ. ಅತ್ತಿಗಿನೂ ತಾಯಿ ಸಮಾನ ಅಂತೀವಿ. ಹಂಗಂತ ಅಕಿ ಹೊಟ್ಟ್ಯಾಗ ಹುಟ್ಟೀವೇನ್ರಿ?’

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವಳ ಕಡೆ ನೋಡಿದರು. ವಕೀಲರು ಬಿಡಲಿಲ್ಲ. ‘ರೂಢಿ ಅದ ಅಂತ ಬರಿ ಬಾಯಿಲೆ ಹೇಳಬ್ಯಾಡ. ತಡವಳದಾಗ ಇಂಥಾ ಲಗ್ನ ಆದವರ ಒಂದು ಹೆಸರು ಹೇಳು ನೋಡೂಣು.’

‘ಇವರ ಅವ್ವ-ಅಪ್ಪಂದs ಹೇಳ್ತೀನ್ರಿ,’ ಎಂದು ಅವಳು ಮಲತಮ್ಮನ ಕಡೆ ಕೈ ಮಾಡಿದಳು. ‘ಇವರ ಅಪ್ಪ ಎರಡನೇ ಸಲ ಲಗ್ನ ಆಗಿದ್ದು ತನ್ನ ಸ್ವಂತ ಅಕ್ಕನ ಮಗಳನ್ನs. ನಮ್ಮ ಸಿದ್ದವ್ವನ ಲಗ್ನ ಲಗ್ನ ಅಲ್ಲಂದ್ರ, ಇವರ ಅವ್ವಂದೂ ಅಲ್ರಿ. ಹಂಗಾದ್ರ ಹೊಲಾ ಕೇಳಾಕ ಇವರು ಯಾರ್ರಿ?’

ಮಲತಮ್ಮ ತಲೆಯ ಪಟಕಾ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡ. ಎದುರಿನ ವಕೀಲರು ಖರೇನೇ ಜವಾನನಿಗೆ ನೀರು ತಾ ಎಂದರು. ದಾಮುಅಣ್ಣಾ ಆಡಿದ ಮಾತು ನೆನಪಾಗಿ ನನ್ನ ಕಣ್ಣು ತುಂಬಿ ಬಂತು.

ಹೊರಗೆ ಬೇವಿನ ಮರದ ಕೆಳಗೆ ನಾವು ನಿಂತಿದ್ದಾಗ ಅದೇ ವಕೀಲರು ಹಾದುಹೋಗುತ್ತಾ ನಿಂತರು. ಅವರ ಮಾತಿನಲ್ಲಿ ಹಗೆ ಇರಲಿಲ್ಲ. ‘ಎಲ್ಲಿ ಕಲ್ತಿ ಬಾಯಿ? ನೀ ವಕೀಲ ಆಗಬೇಕಿತ್ತು,’ ಎಂದರು.

‘ಆಗೂದಿತ್ರಿ. ಒಂದು ಪ್ರಶ್ನಾ ತಪ್ಪಿತ್ರಿ,’ ಎಂದಳು ಮಾಳವ್ವ.

ಹೊಲ ಸಿದ್ದವ್ವನಿಗೆ ಉಳಿಯಿತು. ಮುಂದಿನ ವರ್ಷ ಮಾಳವ್ವ ಮತ್ತೆ ಪರೀಕ್ಷೆಗೆ ಕೂರುತ್ತಾಳೆಂದು ನಾನೂ ದಾಮುಅಣ್ಣಾ ಅವರೂ ನಂಬಿದ್ದೆವು. ಅಷ್ಟರಲ್ಲಿ ಬೀರಣ್ಣನ ತಾಯಿ ಹಾಸಿಗೆ ಹಿಡಿದಳು. ಅವಳು ಮಾಳವ್ವನಿಗೆ ಅತ್ತೆಯೂ ಹೌದು, ತಾಯಿಯ ತಾಯಿಯಾದ್ದರಿಂದ ಅಜ್ಜಿಯೂ ಹೌದು. ‘ಬ್ಯಾರೆ ಸೊಸಿ ಆಗಿದ್ರ ಯಾರನ್ನರ ಇಟ್ಟು ಬರ್ತಿದ್ದಳ್ರಿ. ನನ್ನ ಎತ್ತಿ ಆಡಿಸಿದ ಅಜ್ಜೀನ ಹೆಂಗ ಬಿಟ್ಟು ಬರ್ಲಿ?’ ಎಂದಳು. ಹಾಸಿಗೆಯ ಮುದುಕಿ ವರ್ಷಗಟ್ಟಲೆ ಜೀವ ಹಿಡಿದಳು. ಅಷ್ಟರಲ್ಲಿ ಮಾಳವ್ವ ತಡವಳದ ಸಾಲಿಯಲ್ಲಿ ಮಾಸ್ತರ್ತಿಯಾದಳು. ಯಾರ ಮೇಲೆ ಸಿಟ್ಟು ಮಾಡುವುದು? ಯಾರೂ ಕೇಡು ಬಯಸಿರಲಿಲ್ಲ. ನಮ್ಮ ಸೀಮೆಗೆ ಒಬ್ಬ ಒಳ್ಳೆಯ ವಕೀಲಳು ಬರುವುದು ತಪ್ಪಿಹೋಯಿತು.

ಮುಂದೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ದಾಮುಅಣ್ಣಾ ತೀರಿಕೊಂಡರು, ಕ್ಲಾಸು ಅವರ ಮಗನ ಕೈಗೆ ಬಂತು. ಮಸಿಯ ಯಂತ್ರ ಮೂಲೆಗೆ ಸೇರಿತು, ಅಚ್ಚಾದ ಗೈಡುಗಳು ಬಂದವು. ಬೆಂಚು ಹೆಚ್ಚಾದವು, ಹುಡುಗರು ಹೆಚ್ಚಾದರು, ಎದ್ದು ನಿಂತು ‘ಯಾಕೆ?’ ಹೇಳಲು ಪುರುಸೊತ್ತು ಇಲ್ಲವಾಯಿತು. ಗುರುತು ಹಾಕು, ಮುಂದಿನದಕ್ಕೆ ಹೋಗು. ಮಗ ತಂದೆಯ ಮೇಲಿನ ಭಕ್ತಿಯಿಂದ ಆ ಹಳೆಯ ಸೂತ್ರವನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಸಿದ. ಅದನ್ನು ಸರ್ ಕೊನೆಗೆ ಬಿಟ್ಟುಬಿಟ್ಟಿದ್ದರು ಎಂದು ನಾನು ಹೇಳಿದೆ. ‘ಗ್ವಾಡಿ ಮ್ಯಾಲ ಚಲೋ ಕಾಣಸ್ತದ್ರಿ ಬಾಯಿ,’ ಎಂದ. ಅವರು ಅಡ್ಡ ಗೆರೆ ಎಳೆದಿದ್ದ ಪ್ರಶ್ನೆಯೂ ಗೈಡಿನಲ್ಲಿ ಅಚ್ಚಾಗಿ ತಿರುಗಿ ಬಂತು. ಉತ್ತರ: ಮೂರು. ನಾನು ಗೈಡಿನವರಿಗೆ ಎರಡು ಸಲ ಬರೆದೆ. ಮರುವರ್ಷದ ಗೈಡಿನಲ್ಲಿ ರಮೇಶನ ಹೆಸರು ಸುರೇಶ ಆಗಿತ್ತು, ಅಷ್ಟೇ.

ನಾನು ಕೆಲಸ ಬಿಡುವ ವರ್ಷ ಮಾಳವ್ವ ಒಂದು ಹುಡುಗಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ತಲೆಯಲ್ಲಿ ಬಿಳಿ ಕೂದಲು ಇಣುಕಿದ್ದವು. ‘ಇಕಿ ಜಯಶ್ರೀ ರಿ. ನಿಮ್ಮ ಕಟ್ಟಿ ಮ್ಯಾಲ ಶೇಂಗಾ ತಿಂತಿದ್ದಾಕಿ. ನಾ ಆಗಲಿಲ್ಲ, ಇಕಿ ಆಗ್ಲಿ,’ ಎಂದಳು. ಜಯಶ್ರೀ ಅಕ್ಕಲಕೋಟದಲ್ಲಿ ಮರಾಠಿ ಸಾಲಿಯಲ್ಲಿ ಓದಿದವಳು. ಕನ್ನಡ ಮನೆಯಲ್ಲಿ ಆಡುತ್ತಾಳೆ, ಓದಲು ಬರುವುದಿಲ್ಲ. ಬಹಳ ಚುರುಕು. ತಾಯಿಯ ಹಾಗೆ ಎದ್ದು ನಿಂತು ಜಗಳ ತೆಗೆಯುವವಳಲ್ಲ, ಸರಸರನೆ ಗುರುತು ಹಾಕಿ ಎಲ್ಲರಿಗಿಂತ ಮೊದಲು ಹಾಳೆ ಕೊಡುವವಳು.

ಪರೀಕ್ಷೆಯ ಮುಂಚಿನ ಕೊನೆಯ ಅಭ್ಯಾಸದ ದಿನ. ಅವಳ ಹಾಳೆ ತಿದ್ದುತ್ತಾ ಹೋದೆ, ಎಲ್ಲ ಸರಿ. ಸೋದರಮಾವನ ಪ್ರಶ್ನೆಯೂ ಇತ್ತು. ಮೂರರ ಮೇಲೆ ಅಚ್ಚುಕಟ್ಟಾಗಿ ಗುರುತು ಹಾಕಿದ್ದಳು. ನನ್ನ ಕೆಂಪು ಪೆನ್ನು ಅಲ್ಲೇ ನಿಂತಿತು. ಅವಳನ್ನು ಹತ್ತಿರ ಕರೆದೆ.

‘ಜಯಶ್ರೀ, ನಿಮ್ಮ ಅಪ್ಪ ನಿಮ್ಮ ಅವ್ವಗ ಲಗ್ನಕ್ಕಿಂತ ಮೊದಲು ಏನಾಗಬೇಕು?’

‘ಸೋದರಮಾವ ರಿ.’

‘ಮತ್ತ ಇಲ್ಲಿ ಇದು ಆಗಲಾರದ್ದು ಅಂತ ಯಾಕ ಹಾಕಿದಿ?’

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು, ಗೋಡೆಯ ಕಡೆ ಬೆರಳು ಮಾಡಿದಳು. ‘ಆಹೆ ತೇ ಆಹೆ, ನಾಹೀ ತೇ ನಾಹೀ,’ ಎಂದು ಓದಿ ಹೇಳಿದಳು. ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ, ಸರಿ ಉತ್ತರ ಹೇಳಿದವರ ಸಮಾಧಾನವಿತ್ತು. ಪರೀಕ್ಷೆಯ ಲೆಕ್ಕಕ್ಕೆ ಅವಳು ಬರೆದದ್ದು ಸರಿ. ನಾನು ಸರಿ ಗುರುತು ಹಾಕಿದೆ.

ಕೆಳಗೆ ಅಂಗಡಿಯ ಕಟ್ಟೆಯ ಮೇಲೆ ಮಾಳವ್ವ, ಬೀರಣ್ಣ ಇಬ್ಬರೂ ಕಾಯುತ್ತಿದ್ದರು. ಮಗಳು ಇಳಿದು ಬರುತ್ತಲೇ ಬೀರಣ್ಣ ಎದ್ದು ಅವಳ ಪುಸ್ತಕದ ಚೀಲ ತನ್ನ ಹೆಗಲಿಗೆ ಹಾಕಿಕೊಂಡ.

‘ಹೆಂಗ ಬರದಾಳ್ರಿ ಬಾಯಾರ?’ ಎಂದು ಮಾಳವ್ವ ಕೇಳಿದಳು.

‘ಒಂದೂ ತಪ್ಪಿಲ್ಲ.’

ಅವಳು ನನ್ನ ಹತ್ತಿರ ಸರಿದು ಮೆಲ್ಲಗೆ, ‘ಆ ಪ್ರಶ್ನಾ ಇನ್ನೂ ಬರ್ತದೇನ್ರಿ?’ ಎಂದಳು.

ಕೇಳದಿದ್ದರೆ ಚೆನ್ನಾಗಿತ್ತು ಅನಿಸಿತು. ‘ಬರ್ತದ,’ ಎಂದೆ.

‘ಇಕಿ ಏನ್ ಹಾಕ್ಯಾಳ?’

‘ಮೂರು.’

ಮಾಳವ್ವ ಮಗಳನ್ನು ನೋಡಲಿಲ್ಲ. ಚೀಲ ಹೊತ್ತು ನಿಂತ ಗಂಡನನ್ನು ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ‘ಹಂಗಾದ್ರ ಪಾಸಾಗ್ತಾಳ ಬಿಡ್ರಿ,’ ಎಂದಳು.

ಆ ಒಂದು ಮಾತಷ್ಟೇ ಕಿವಿಗೆ ಬಿದ್ದಿದ್ದ ಬೀರಣ್ಣನ ಮುಖ ಅರಳಿತು.